ದತ್ತನ ಜನರೇಟರಿಗೆ ಪರ್ಮಿಟ್

ನನ್ನ ತಮ್ಮ ದತ್ತಾತ್ರೇಯ ಜುರಾಂಗ್ ಐಲ್ಯಾಂಡಿನ ಒಂದು ರಿಫೈನರಿಯಲ್ಲಿ ಪರ್ಮಿಟ್ ಕೊಡುವ ಅಧಿಕಾರಿ. ಅಲ್ಲಿ ಪೈಪಿಗೆ ವೆಲ್ಡಿಂಗ್ ಮಾಡಬೇಕಾದರೂ ಟ್ಯಾಂಕಿನೊಳಗೆ ಇಳಿಯಬೇಕಾದರೂ ಮೊದಲು ಅವನ ರುಜು ಬೇಕು. ಕಾಗದ ನೋಡಿ ರುಜು ಹಾಕುವವನಲ್ಲ ಅವನು. ಜಾಗಕ್ಕೇ ಹೋಗಿ ನಿಲ್ಲುತ್ತಾನೆ. ಗಾಳಿ ಯಾವ ಕಡೆ, ಗ್ಯಾಸ್ ಸೋರಿದರೆ ಎಲ್ಲಿಗೆ ಹೋಗುತ್ತದೆ, ಕೆಟ್ಟರೆ ನಿಲ್ಲಿಸುವವರು ಯಾರು ಎಂದು ಕೇಳುತ್ತಾನೆ. ಉತ್ತರ ಹಿಡಿಸದಿದ್ದರೆ ಕೆಲಸ ಇಲ್ಲ. ಈ ಕಾರಣಕ್ಕೆ ಅಲ್ಲಿ ಅವನನ್ನು ಇಷ್ಟಪಡುವವರು ಕಡಿಮೆ, ನಂಬುವವರು ಹೆಚ್ಚು.

ಹುಣಸೂರಿನಲ್ಲಿ ಹುಟ್ಟಿ, ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿ, ಮೂವತ್ತು ವರ್ಷದ ಹಿಂದೆ ಸಮುದ್ರದಾಚೆಯ ಈ ಪುಟ್ಟ ದ್ವೀಪದೇಶಕ್ಕೆ ಬಂದ. ಕರೆಂಟ್ ಹೋಗುವುದೇ ಅಪರೂಪವಾದ ಈ ಊರಿನಲ್ಲೂ ಅವನ ಮನೆಯ ಪ್ರತಿ ರೂಮಿನಲ್ಲಿ ಟಾರ್ಚ್ ಇದೆ. ಕುಕ್ಕರಿನ ಗ್ಯಾಸ್ಕೆಟ್ಟಿನಿಂದ ಹಿಡಿದು ಮಿಕ್ಸಿ ಜಾರಿನವರೆಗೆ ಎಲ್ಲದಕ್ಕೂ ಇನ್ನೊಂದು ಎತ್ತಿಟ್ಟಿರುತ್ತಾನೆ. ಹೆಂಡತಿ ಮೀರಾ ಇದನ್ನು ಆಡಿಕೊಳ್ಳುತ್ತಿದ್ದಳು. “ಅಕ್ಕ, ನನಗೂ ಒಬ್ಬಳು ಸ್ಪೇರ್ ಇಟ್ಟಿದಾರೋ ಏನೋ, ಸ್ಟೋರ್‌ರೂಮ್ ನೋಡ್ಬೇಕು,” ಎನ್ನುತ್ತಿದ್ದಳು.

ಎರಡು ವರ್ಷದಿಂದ ಆ ಮಾತು ನಿಂತಿದೆ. ಮೀರಾಳ ಶ್ವಾಸಕೋಶ ಗಟ್ಟಿಯಾಗುತ್ತಾ ಬಂದಿದೆ, ವಾಸಿಯಾಗುವ ಕಾಯಿಲೆಯಲ್ಲ. ಹಾಲಿನ ಮೂಲೆಯಲ್ಲಿ ಒಂದು ಯಂತ್ರ ಹಗಲೂ ರಾತ್ರಿ ಗುಂಯ್‌ಗುಡುತ್ತಾ ಗಾಳಿಯಿಂದ ಆಮ್ಲಜನಕ ಬೇರ್ಪಡಿಸಿ, ಉದ್ದನೆಯ ನಳಿಕೆಯಲ್ಲಿ ಅವಳ ಮೂಗಿಗೆ ಕಳಿಸುತ್ತದೆ. ಕರೆಂಟ್ ಇರುವವರೆಗೆ ಮಾತ್ರ.

ಮಾರ್ಚಿನ ಒಂದು ಮಧ್ಯಾಹ್ನ ಬ್ಲಾಕಿನ ಕರೆಂಟ್ ಹೋಯಿತು. ಜುರಾಂಗ್ ವೆಸ್ಟಿನಲ್ಲಿ ಅವರಿರುವ ಕಾಂಡೋ ಅಪಾರ್ಟ್‌ಮೆಂಟಿನಲ್ಲೇ, ಎದುರಿನ ಬ್ಲಾಕಿನಲ್ಲಿ ನನ್ನ ಮನೆ. ಆ ಹೊತ್ತಿಗೆ ಮೀರಾಳ ಜೊತೆಯಲ್ಲೇ ಇದ್ದೆ. ಸಣ್ಣ ಆಮ್ಲಜನಕದ ಸಿಲಿಂಡರ್ ತೆಗೆದು ನಳಿಕೆ ಬದಲಿಸಿದೆವು. ಅರ್ಧ ಗಂಟೆಯಲ್ಲಿ ಕರೆಂಟ್ ಬಂತು, ತೊಂದರೆ ಏನೂ ಆಗಲಿಲ್ಲ. ಆದರೆ ಸ್ಥಾವರದೊಳಗೆ ಫೋನ್ ಒಯ್ಯುವಂತಿಲ್ಲ. ದತ್ತನಿಗೆ ವಿಷಯ ಗೊತ್ತಾದದ್ದು ಸಂಜೆ ಗೇಟಿನಲ್ಲಿ, ಫೋನ್ ತುಂಬ ಮಿಸ್ಡ್ ಕಾಲ್ ನೋಡಿದಾಗ. ಕಂಪನಿ ಬಸ್ಸಿಗೆ ಕಾಯದೆ ಟ್ಯಾಕ್ಸಿಯಲ್ಲಿ ಬಂದ. ಮೀರಾ ಮೊಸರನ್ನ ತಿನ್ನುತ್ತಿದ್ದಳು. ಅವನು ಬಾಗಿಲಲ್ಲೇ ನಿಂತು, ಅವಳು ನುಂಗುವುದನ್ನು ಸ್ವಲ್ಪ ಹೊತ್ತು ನೋಡಿ, ಶೂ ಬಿಚ್ಚಿದ.

ಅಂದಿನಿಂದ ಶುರುವಾಯಿತು ಜನರೇಟರಿನ ಹುಡುಕಾಟ.

ಪೆಟ್ರೋಲಿನದು ಬೇಡ ಎಂದ. ಪೆಟ್ರೋಲನ್ನು ಮನೆಯಲ್ಲಿಡುವಂತಿಲ್ಲ, ತಿಂಗಳುಗಟ್ಟಲೆ ನಿಂತರೆ ಅದು ಕೆಡುತ್ತದೆ. ಡೀಸೆಲ್ಲಿನದು ಭಾರ, ಹೊಗೆ ಬೇರೆ. ಪ್ರೊಪೇನ್ ವರ್ಷಗಟ್ಟಲೆ ಇಟ್ಟರೂ ಹಾಗೇ ಇರುತ್ತದೆ, ಬೇಕಾದಾಗ ವಾಲ್ವ್ ತಿರುಗಿಸಿದರಾಯಿತು. ಗಾಲಿ ಇರುವ, ಕಡಿಮೆ ಸದ್ದಿನ, ಸೂಕ್ಷ್ಮ ಯಂತ್ರಗಳಿಗೂ ಒಗ್ಗುವ ಹದವಾದ ಕರೆಂಟ್ ಕೊಡುವ ಒಂದು ಮಾದರಿಯನ್ನು ಆರಿಸಿದ.

ಒನ್-ನಾರ್ತಿನ ಟೆಕ್ ಪಾರ್ಕಿನಲ್ಲಿ ಕೆಲಸ ಮಾಡುವ, ಇಲ್ಲಿಯವರಂತೆ ಮಾತಿನ ಕೊನೆಗೆ ‘ಲಾ’ ಸೇರಿಸುವ ಅವನ ಮಗಳು ಗಗನಾ ಒಪ್ಪಲಿಲ್ಲ. “ಅಪ್ಪ, ದೊಡ್ಡ ಬ್ಯಾಟರಿ ಒಂದು ತಗೊಂಡ್ರೆ ಮುಗೀತು ಲಾ. ಸದ್ದಿಲ್ಲ, ಹೊಗೆ ಇಲ್ಲ.”

“ಬ್ಯಾಟರಿ ಮುಗಿದ್ ಮೇಲೆ?”

“ಅಷ್ಟರಲ್ಲಿ ಕರೆಂಟ್ ಬರತ್ತೆ.”

“ಬರತ್ತೆ ಅಂತ ನಿಂಗ್ಯಾರು ಹೇಳಿದ್ದು?”

ಗಗನಾ ತನ್ನ ದುಡ್ಡಿನಲ್ಲಿ ಬ್ಯಾಟರಿ ತಂದಳು. ಅವನು ಪ್ರೊಪೇನ್ ಜನರೇಟರಿಗೆ ಆರ್ಡರ್ ಕೊಟ್ಟ.

ಆಗಸ್ಟಿನಲ್ಲಿ ಲಿಫ್ಟಿನ ಪಕ್ಕ ನೋಟಿಸ್ ಬಿತ್ತು. ಬರುವ ಭಾನುವಾರ ಸ್ವಿಚ್‌ಬೋರ್ಡಿನ ಕೆಲಸ, ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಎಲ್ಲ ಬ್ಲಾಕುಗಳಿಗೂ ಕರೆಂಟ್ ಇಲ್ಲ. ಮೀರಾ ಎದೆಯ ಸೋಂಕಿನಿಂದ ಆಸ್ಪತ್ರೆ ಸೇರಿ ಆಗಷ್ಟೇ ಮನೆಗೆ ಬಂದಿದ್ದಳು. ಈ ವಾರ ಅವಳನ್ನು ಎಲ್ಲಿಗೂ ಕದಲಿಸಬೇಡಿ, ಜನರ ಮಧ್ಯೆ ಕೂರಿಸಬೇಡಿ ಎಂದಿದ್ದರು ಡಾಕ್ಟರು. ಹಾಸಿಗೆಯಿಂದ ಬಚ್ಚಲಿಗೆ ಹೋಗಿ ಬಂದರೆ ರಕ್ತದ ಆಮ್ಲಜನಕ ಅಳೆಯಲು ಬೆರಳಿಗೆ ಸಿಕ್ಕಿಸುವ ಮೀಟರಿನಲ್ಲಿ, ತೊಂಬತ್ತರ ಮೇಲಿರಬೇಕಾದ ಅಂಕಿ ಎಂಬತ್ತೈದಕ್ಕೆ ಇಳಿಯುತ್ತಿತ್ತು. ಬಾಡಿಗೆಗೆ ಆಮ್ಲಜನಕದ ಎರಡು ದೊಡ್ಡ ಸಿಲಿಂಡರ್ ಸಿಕ್ಕವು, ಅದಕ್ಕಿಂತ ಹೆಚ್ಚು ಆ ವಾರ ಇರಲಿಲ್ಲ.

“ಹೇಳಿದ ಹೊತ್ತಿಗೆ ಮುಗಿದ ಶಟ್‌ಡೌನ್ ಒಂದನ್ನೂ ನಾನು ನೋಡಿಲ್ಲ ಅಕ್ಕ,” ಎಂದ ದತ್ತ.

ಶನಿವಾರ ಮಧ್ಯಾಹ್ನ ಜನರೇಟರ್ ಬಂತು. ಕಾಂಡೋದಲ್ಲಿ ಅಂಥದ್ದನ್ನು ಇಡುವಂತಿಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತು. ಗಾಡಿಯ ಮೇಲೆ ಯಂತ್ರ, ಪಕ್ಕದಲ್ಲಿ ಪ್ರೊಪೇನ್ ಸಿಲಿಂಡರ್, ಮೇಲೆ ಹೂವಿನ ಬೆಡ್‌ಶೀಟ್. ಇಡೀ ರಿಫೈನರಿಗೆ ನಿಯಮ ಹೇಳುವವನು ಕಳ್ಳಮಾಲಿನಂತೆ ಅದನ್ನು ಒಂಬತ್ತನೇ ಮಹಡಿಗೆ ಏರಿಸಿ ಬಾಲ್ಕನಿಯಲ್ಲಿ ಇಳಿಸಿದ.

“ದತ್ತ, ಅದು ಉಗುಳೋ ಗಾಳಿ ಯಾವುದು ಅಂತ ನಾನು ನಿನಗೆ ಹೇಳಬೇಕಾ?” ಎಂದೆ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿದವಳು ನಾನು. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಆರೋಗ್ಯವಂತರನ್ನೇ ಮಲಗಿಸುತ್ತದೆ.

“ಬಾಲ್ಕನಿ ಓಪನ್ ಇದೆ. ಗಾಜಿನ ಬಾಗಿಲು ಹಾಕ್ತೀನಿ. ಒಳಗೆ ಆ ಗ್ಯಾಸಿಗೆ ಅಂತಲೇ ಅಲಾರಂ ಇಟ್ಟಿದೀನಿ. ಹತ್ತು ನಿಮಿಷ ಟ್ರಯಲ್ ಅಷ್ಟೇ.”

ವೈರು ಒಳಗೆ ಬರಬೇಕಾದ್ದರಿಂದ ಗಾಜಿನ ಬಾಗಿಲು ಪೂರ್ತಿ ಮುಚ್ಚಲಿಲ್ಲ. ಸಂದಿಗೆ ಟವೆಲ್ ತುರುಕಿದ. ಯಂತ್ರ ಶುರುವಾಯಿತು. ಹಾಲಿನ ಟೇಬಲ್ ಫ್ಯಾನ್ ಅದರ ಕರೆಂಟಿನಲ್ಲಿ ತಿರುಗಿತು. ಅವನ ಮುಖದಲ್ಲಿ ತಿಂಗಳುಗಳಿಂದ ಕಾಣದ ನಿರಾಳ ಕಂಡಿತು.

ಆಗ ಮಳೆ ಬಂತು. ಇಲ್ಲಿನ ಮಳೆ ಹೇಳಿ ಬರುವುದಿಲ್ಲ. ಗಾಳಿ ನೇರ ಬಾಲ್ಕನಿಯೊಳಗೆ ನುಗ್ಗಿ ಯಂತ್ರದ ಮೇಲೆ ನೀರು ಎರಚಿತು. ದತ್ತ ಓಡಿಹೋಗಿ ಬಾಲ್ಕನಿಯ ಪರದೆಯನ್ನು ನೆಲದವರೆಗೆ ಎಳೆದ. ಎರಡೂ ಬದಿ ಪಟ್ಟಿಯೊಳಗೆ ಕೂತು, ಇರುಚಲು ಸ್ವಲ್ಪವೂ ಒಳಬರದಂತೆ ತಡೆಯುವ ಪರದೆ ಅದು. ಬಯಲಾಗಿದ್ದ ಬಾಲ್ಕನಿ ಒಂದು ಕ್ಷಣದಲ್ಲಿ ಮುಚ್ಚಿದ ಕೋಣೆಯಾಯಿತು. ಯಂತ್ರ ಓಡುತ್ತಲೇ ಇತ್ತು.

“ಪರದೆ ಎತ್ತು,” ಎಂದೆ.

“ನೀರು ಹೋದ್ರೆ ಶಾಕ್ ಹೊಡೆಯತ್ತೆ, ಅಕ್ಕ. ಇನ್ನು ಐದೇ ನಿಮಿಷ.”

ವಿಷಗಾಳಿಯ ಮಟ್ಟ ತೋರಿಸುವ ಅಲಾರಮಿನ ಪುಟ್ಟ ಡಿಸ್‌ಪ್ಲೇಯಲ್ಲಿ ಸೊನ್ನೆ ಹೋಗಿ ಹದಿನೆಂಟು ಬಂತು. ಆಮೇಲೆ ಇಪ್ಪತ್ತಾರು. ಅವನೂ ನೋಡಿದ. ನೋಡಿಯೂ ಫ್ಯಾನಿನ ಕಡೆ ತಿರುಗಿದ.

ಮೀರಾ ರೂಮಿನ ಬಾಗಿಲಿಗೆ ಬಂದು ನಿಂತಳು. ಒಂದು ಕೈ ಚೌಕಟ್ಟಿನ ಮೇಲೆ, ಇನ್ನೊಂದು ಕೈ ಅಂಗೈ ಮುಂದೆ ಮಾಡಿ ಮೇಲಕ್ಕೆ. ದತ್ತನ ರಿಫೈನರಿಯಲ್ಲಿ ಆ ಸನ್ನೆಗೆ ಒಂದೇ ಅರ್ಥ. ಗುಡಿಸುವವನೇ ಆಗಲಿ, ಮ್ಯಾನೇಜರೇ ಆಗಲಿ, ಅಪಾಯ ಕಂಡವರು ಹಾಗೆ ಕೈ ಎತ್ತಿದರೆ ಕೆಲಸ ನಿಲ್ಲಲೇಬೇಕು. ವಾದ ಆಮೇಲೆ. ಮೂವತ್ತು ವರ್ಷ ಊಟದ ಮೇಜಿನಲ್ಲಿ ಅವನೇ ಹೇಳಿದ ಕಥೆ.

ದತ್ತ ಅವಳ ಕೈಯನ್ನು ನೋಡಿದ. ಹೋಗಿ ಸಿಲಿಂಡರಿನ ವಾಲ್ವ್ ಮುಚ್ಚಿ ಪರದೆ ಎತ್ತಿದ. ಯಂತ್ರ ಒಮ್ಮೆ ಕೆಮ್ಮಿ ನಿಂತಿತು. ನಾನು ಎದುರು ಬದಿಯ ಕಿಟಕಿಗಳನ್ನೆಲ್ಲ ತೆರೆದೆ. ಮೀರಾಳನ್ನು ಕೂರಿಸಿ ಮೀಟರ್ ಹಾಕಿದರೆ ಎಂಬತ್ತೆರಡು. ಅದು ತೊಂಬತ್ತಕ್ಕೆ ಏರುವವರೆಗೆ ಮೂವರ ಕಣ್ಣೂ ಮೀಟರಿನ ಮೇಲೆ.

ಮೊದಲು ಮಾತಾಡಿದವಳು ಅವಳೇ. ಎರಡು ಮೂರು ಪದಕ್ಕೊಮ್ಮೆ ಉಸಿರು ತೆಗೆದುಕೊಳ್ಳುತ್ತಿದ್ದಳು.

“ರೀ... ಗ್ಯಾಸ್ ಸೋರಿದ್ರೆ... ಎಲ್ಲಿಗೆ ಹೋಗತ್ತೆ?”

“ಪ್ರೊಪೇನ್ ಗಾಳಿಗಿಂತ ಭಾರ. ಕೆಳಗೆ ಇಳಿಯತ್ತೆ.”

“ಬಾಲ್ಕನಿ ಮೋರಿಯಿಂದ... ಕೆಳಗೆ. ಕೆಳಗೆ ಯಾರಿದಾರೆ?”

ಕೆಳಗಿನ ಮನೆಯಲ್ಲಿ ರಿಷಿಕಾ ಎಂಬ ಹುಡುಗಿ ಎಳೆಮಗುವಿನೊಂದಿಗೆ ಇದ್ದಾಳೆ. ದತ್ತ ತಲೆ ಬಗ್ಗಿಸಿದ.

“ರಿಫೈನರೀಲಿ ಯಾರಾದ್ರೂ... ಹೀಗೆ ಕೇಳ್ಕೊಂಡ್ ಬಂದಿದ್ರೆ... ಪರ್ಮಿಟ್ ಕೊಡ್ತಿದ್ರಾ?”

“ಗೇಟಿಂದ ಆಚೆ ಹಾಕ್ತಿದ್ದೆ.” ಹಿಂದೆಯೇ ಕೇಳಿದ: “ಹಾಗಾದ್ರೆ ನಾಳೆ ಐದು ಗಂಟೆಗೆ ಕರೆಂಟ್ ಬರ್ದೇ ಇದ್ರೆ? ನಾನೇನ್ ಮಾಡ್ಲಿ, ಮೀರಾ? ಕೈ ಕಟ್ಕೊಂಡು ನೋಡ್ಲಾ?”

ಅದು ಕೋಪವಲ್ಲ. ನನ್ನ ತಮ್ಮನ ದನಿ ಹಾಗೆ ಒಡೆದದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ಮೀರಾ ಷರತ್ತು ಹಾಕಿದಳು. ಜನರೇಟರ್ ಕೆಳಗೆ, ಬಯಲಿನಲ್ಲಿ, ಮನೆಗಳಿಂದ ದೂರ. ಅದು ಗಗನಾಳ ಬ್ಯಾಟರಿಯನ್ನು ಚಾರ್ಜ್ ಮಾಡಲಿ, ಮೇಲೆ ಬರುವುದು ಬ್ಯಾಟರಿ ಮಾತ್ರ. ಬ್ಯಾಟರಿ ಕೆಳಗಿರುವಾಗ ಆಮ್ಲಜನಕದ ಸಿಲಿಂಡರ್. ಮ್ಯಾನೇಜರಿಗೆ ಹೇಳಿಯೇ ಮಾಡಬೇಕು, ಬೆಡ್‌ಶೀಟ್ ಹೊದಿಸಿ ಅಲ್ಲ. ಕಡೆಯ ಷರತ್ತು: ಓಡುವ ಯಂತ್ರವನ್ನು ಬಿಟ್ಟು ಅವನು ಕದಲಬಾರದು.

“ನಿನ್ನ ಪಕ್ಕ ಯಾರು?” ಎಂದ.

“ಅಕ್ಕ ಇದಾರೆ. ಗಗನಾ ಇದಾಳೆ. ನಿಮ್ ಜಾಗ ಅಲ್ಲಿ.”

ಅವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇರಲಿಲ್ಲ. ಒಪ್ಪಿಕೊಂಡ.

ಕಾಂಡೋ ಮ್ಯಾನೇಜರ್ ವಿನೋದ್ ಮೊದಲು ಆಗುವುದೇ ಇಲ್ಲ ಎಂದ. ವಿಷಯ ಕೇಳಿದ ಮೇಲೆ ತೆರೆದ ಕಾರ್ ಪಾರ್ಕಿನ ತುದಿಯ ಒಂದು ಜಾಗ ತೋರಿಸಿ, ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿರಬೇಕು, ಈ ಒಂದು ದಿನಕ್ಕೆ ಮಾತ್ರ ಎಂದ.

ಭಾನುವಾರ ಬೆಳಿಗ್ಗೆ ಎಲ್ಲ ಲೆಕ್ಕದ ಪ್ರಕಾರ ನಡೆಯಿತು. ಬ್ಯಾಟರಿ ಖಾಲಿಯಾಯಿತು, ಸಿಲಿಂಡರಿಗೆ ಬದಲಿಸಿದೆವು. ಬ್ಯಾಟರಿಯನ್ನು ಗಗನಾ ಕೆಳಗೆ ಒಯ್ದಳು. ಕಟ್ಟಡದ ಸ್ವಂತ ಜನರೇಟರಿನಲ್ಲಿ ಒಂದು ಲಿಫ್ಟ್ ಓಡುತ್ತಿತ್ತು. ತುಂಬಿದ ಬ್ಯಾಟರಿ ಮೇಲೆ ಬಂತು, ಆಮ್ಲಜನಕದ ಯಂತ್ರ ಮತ್ತೆ ಗುಂಯ್‌ಗುಟ್ಟಿತು. ಒಂಬತ್ತನೇ ಮಹಡಿಯಿಂದ ನೋಡಿದರೆ ಬಿಸಿಲಲ್ಲಿ ಕೊಡೆ ಹಿಡಿದು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತ ದತ್ತ ಕಾಣುತ್ತಿದ್ದ. ಗಳಿಗೆಗೊಮ್ಮೆ ಫೋನು.

“ಅಕ್ಕ, ಎಷ್ಟಿದೆ?”

“ತೊಂಬತ್ತೆರಡು. ಈಗ ತಾನೇ ಕೇಳಿದೆಯಲ್ಲ.”

ಎರಡನೇ ಸಲ ಬ್ಯಾಟರಿ ಕೆಳಗಿಳಿದಾಗ ಮಧ್ಯಾಹ್ನ ಮೂರು ದಾಟಿತ್ತು. ಮೊದಲ ಸಿಲಿಂಡರ್ ಅಷ್ಟರಲ್ಲಿ ಮುಗಿದು ಎರಡನೆಯದಕ್ಕೆ ಬಂದಿದ್ದೆವು. ಮೀರಾಳಿಗೆ ಹೆಚ್ಚು ಆಮ್ಲಜನಕ ಬೇಕಾಗಿ ನಾವು ಹಾಕಿದ ಲೆಕ್ಕ ತಪ್ಪಿತ್ತು. ಸ್ವಲ್ಪ ಹೊತ್ತಿಗೆ ಗುಡುಗು, ಹಿಂದೆಯೇ ಮಳೆ. ಮಳೆಯಲ್ಲಿ ಓಡಿಸುವಂತಿಲ್ಲವೆಂದು ದತ್ತ ಕೆಳಗೆ ಜನರೇಟರ್ ನಿಲ್ಲಿಸಿದ. ಐದು ಗಂಟೆಗೆ ಕರೆಂಟ್ ಬರಲಿಲ್ಲ. ಸ್ವಿಚ್‌ಬೋರ್ಡಿನ ಒಂದು ಭಾಗ ಪರೀಕ್ಷೆಯಲ್ಲಿ ನಿಲ್ಲುತ್ತಿಲ್ಲ, ಇನ್ನೂ ತಡ ಎಂದು ವಿನೋದ್ ಸಂದೇಶ ಕಳಿಸಿದ.

ಸಿಲಿಂಡರಿನ ಮುಳ್ಳು ಕೆಂಪಿನ ಅಂಚಿಗೆ ಬಂದಿತ್ತು. ಬೇಕಾದರೆ ಆಂಬುಲೆನ್ಸ್ ಕರೆಯೋಣ ಎಂದು ನಾನು ಫೋನ್ ಕೈಯಲ್ಲೇ ಇಟ್ಟುಕೊಂಡೆ. ಅಷ್ಟರಲ್ಲಿ ಕೆಳಗಿನಿಂದ ದತ್ತನ ಕರೆ. ಸ್ಪೀಕರಿಗೆ ಹಾಕಿದೆ. ಮಳೆಯ ಸದ್ದಿನ ನಡುವೆ ವಿನೋದ್ ಹೇಳುತ್ತಿದ್ದದ್ದೂ ಕೇಳಿಸಿತು: ಪಕ್ಕದಲ್ಲೇ ಕಸದ ಕೋಣೆ ಇದೆ, ಮೇಲೆ ಸೂರಿದೆ, ಅದರೊಳಗೆ ಯಂತ್ರ ಎಳೆದುಕೊಂಡು ಶುರುಮಾಡಿ ಅಂಕಲ್, ಯಾರೂ ಕೇಳಲ್ಲ.

“ಒಳಗೆ ಕ್ಲೀನರ್‌ಗಳು ಇಬ್ಬರು ಮಳೆಗೆ ನಿಂತಿದಾರೆ,” ಎಂದ ದತ್ತ. ನಮಗೆ ಹೇಳಿದನೋ ವಿನೋದನಿಗೋ ತಿಳಿಯಲಿಲ್ಲ. “ಮುಳ್ಳು ಎಲ್ಲಿದೆ, ಗಗನಾ?”

“ರೆಡ್ ಹತ್ರ. ಅಪ್ಪ, ಅವ್ರಿಗೆ ಹೊರಗೆ ನಿಂತ್ಕೊಳಿ ಅಂದ್ರಾಗಲ್ವಾ?”

“ಮಿಂಚಲ್ಲಿ ಹೊರಗೆ ಕಳಿಸಲಾ? ಕೋಣೆಗೆ ಕಿಟಕಿನೇ ಇಲ್ಲ. ನಾನೂ ಅದರ ಪಕ್ಕ ನಿಲ್ಬೇಕು. ಆಗಲ್ಲ. ಮೀರಾ, ಆಗಲ್ಲ.”

ಮೀರಾ ಕಣ್ಣು ಮುಚ್ಚಿಕೊಂಡೇ ಫೋನಿನ ಕಡೆ ಮುಖ ತಿರುಗಿಸಿದಳು. “ಬೇಡ ರೀ. ಕಾಯಿರಿ.”

ಗಗನಾ ನನ್ನನ್ನು ನೋಡಿದಳು. ಆಂಬುಲೆನ್ಸಿಗೆ ನಾನು ಕರೆ ಮಾಡಿದೆ. ಮಳೆಯಿಂದ ದಾರಿ ನಿಧಾನ, ಬರುತ್ತೇವೆ ಎಂದರು. ಸಿಲಿಂಡರ್ ಇನ್ನಷ್ಟು ಹೊತ್ತು ಬರಲೆಂದು, ಡಾಕ್ಟರು ಮೊದಲೇ ಹೇಳಿದ್ದ ಕೆಳಗಿನ ಮಟ್ಟಕ್ಕೆ ಆಮ್ಲಜನಕವನ್ನು ಇಳಿಸಿದೆ. ತೊಂಬತ್ತಿದ್ದದ್ದು ಎಂಬತ್ತೇಳಾಯಿತು, ಎಂಬತ್ತಾರಾಯಿತು. ಮೀರಾ ಅಲುಗಾಡದೆ, ತುಟಿ ಸಣ್ಣಗೆ ಮಾಡಿ ಉಸಿರು ಬಿಡುತ್ತಿದ್ದಳು.

ಮಳೆ ತೆಳುವಾದ ಕೂಡಲೇ ಕೆಳಗೆ ಯಂತ್ರದ ಸದ್ದು ಎದ್ದಿತು. ಪೂರ್ತಿ ಚಾರ್ಜ್ ಆಗಲಿ ಎಂದು ಕಾಯುವ ಹಾಗಿರಲಿಲ್ಲ. ಕಾಲು ಭಾಗ ತುಂಬಿದ ಬ್ಯಾಟರಿಯನ್ನೇ ಗಗನಾ ಗಾಡಿಯಲ್ಲಿ ತಳ್ಳಿಕೊಂಡು ಬಂದಳು. ಸಿಲಿಂಡರಿನ ಹಿಸ್ಸ್ ಸದ್ದು ಕ್ಷೀಣವಾಗುವ ಹೊತ್ತಿಗೆ ನಳಿಕೆ ಬದಲಾಯಿತು. ಎಂಬತ್ತೊಂಬತ್ತು. ತೊಂಬತ್ತೊಂದು. ಆಂಬುಲೆನ್ಸಿನವರು ಬಂದು ಪರೀಕ್ಷಿಸಿ, ತಮ್ಮ ಸಿಲಿಂಡರ್ ಪಕ್ಕಕ್ಕಿಟ್ಟುಕೊಂಡು ಕೂತಿದ್ದಾಗಲೇ ದೀಪಗಳು ಹತ್ತಿದವು.

ಅವರು ಹೋದ ಮೇಲೂ ದತ್ತ ಮೇಲೆ ಬರಲಿಲ್ಲ.

“ಎಲ್ಲಿ ಇವರು?” ಎಂದಳು ಮೀರಾ.

ಗಗನಾ ಬಾಲ್ಕನಿಯಿಂದ ಬಗ್ಗಿ ನೋಡಿದಳು. “ಮೆಷಿನ್ ಪಕ್ಕಾನೇ ಇದಾರೆ. ಅದು ಪೂರ್ತಿ ತಣ್ಣಗಾಗೋವರ್ಗೂ ಬಿಡಲ್ಲವಂತೆ.”

“ನೆಂದು ಮುದ್ದೆ ಆಗಿರ್ತಾರೆ. ಟವೆಲ್ ಕೊಟ್ಟು ಬಾ.”

ಅವನು ಬಂದಾಗ ಕತ್ತಲಾಗಿತ್ತು. ಯಂತ್ರವನ್ನು ಮೇಲೆ ತಂದಿರಲಿಲ್ಲ. ಸೆಕ್ಯೂರಿಟಿಯವರ ಎದುರಿಗೆ, ಬಯಲಿನಲ್ಲೇ ಸರಪಳಿ ಹಾಕಿ ಬಂದಿದ್ದ.

“ಷರತ್ತು ಹಾಕುವಾಗ ಮಳೆ ಬಗ್ಗೆ ನಾನೂ ಕೇಳ್ಲಿಲ್ಲ,” ಎಂದಳು ಮೀರಾ. “ಆಗಸ್ಟಲ್ಲಿ. ಈ ಊರಲ್ಲಿ.”

“ನಾನು ಕೇಳ್ಬೇಕಿತ್ತು. ಅದನ್ನ ಮಾರಿಬಿಡ್ತೀನಿ. ಇನ್ನೆರಡು ಬ್ಯಾಟರಿ ತರ್ತೀನಿ.”

“ಯಾರಿಗೆ ಮಾರ್ತೀರಿ?”

“ಯಾರಾದ್ರೂ ತಗೋತಾರೆ.”

“ಬಾಲ್ಕನಿ ಇರೋರಿಗೆ ಕೊಡ್ಬೇಡಿ,” ಎಂದು ಅವಳು ಆ ಕಡೆ ತಿರುಗಿ ಮಲಗಿದಳು.

ಕೊಳ್ಳಲು ಬಂದ ಮೊದಲ ಇಬ್ಬರಿಗೆ ಅವನು ಕೊಡಲಿಲ್ಲ. ಎಲ್ಲಿಡುತ್ತೀರಿ ಎಂದು ಕೇಳಿದ, ಉತ್ತರ ಹಿಡಿಸಲಿಲ್ಲ.