ಜಿರಳೆಯ ಎರಡು ಕಾಲು

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಚೂರಿಯಕ್ಕ ಎನ್ನುತ್ತಿದ್ದರು. ಕೆಲಸ, ಜಿರಳೆ ಕೊಯ್ಯುವುದು. ಅದರ ಕಾಲಿನ ತುಣುಕನ್ನು ಕೆಡದಂತೆ ಔಷಧಿಯಲ್ಲಿ ನೆನೆಸಿ, ಅಂಟಿನಲ್ಲಿ ಗಟ್ಟಿ ಮಾಡಿ, ಗಾಜು ಮುರಿದು ಮಾಡಿದ ಚೂರಿಯನ್ನು ಯಂತ್ರಕ್ಕೆ ಸಿಕ್ಕಿಸಿ, ಕೂದಲೆಳೆಯನ್ನು ಸಾವಿರ ಸೀಳು ಮಾಡಿದಷ್ಟು ತೆಳ್ಳಗೆ ಕೊಯ್ದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಒಪ್ಪಿಸಬೇಕು. ಇಷ್ಟು ತೆಳ್ಳಗೆ ಹಲ್ವ ಕೊಯ್ದುಕೊಡುವ ಅಂಗಡಿಯವನನ್ನು ಗಿರಾಕಿಗಳು ಹೊಡೆಯಲು ಅಟ್ಟಿಸಿಕೊಂಡು ಬರುತ್ತಾರೆ. ಇಲ್ಲಿ ಸಂಬಳ ಕೊಡುತ್ತಾರೆ.

"ನಾನು ಚಪ್ಪಲಿಯಲ್ಲೇ ಮುಗಿಸ್ತೀನಿ. ನಿನಗೆ ಅದಕ್ಕೊಂದು ಯಂತ್ರ ಬೇರೆ!" ಎಂದು ಗಂಡ ರೇಗಿಸುತ್ತಿದ್ದ.

ಹತ್ತೊಂಬತ್ತು ವರ್ಷ ಪಳಗಿದ ಆ ಕೈಗೆ ಈಗ ಚೂರಿಯೇ ತಪ್ಪುವ ಕಾಲ ಬಂದಿತ್ತು. ಜೀವಕೋಶದೊಳಗೆ ಕಂಬಗಳಂತೆ ನಿಲ್ಲುವ ಸೂಕ್ಷ್ಮನಾಳಗಳನ್ನು ಪ್ರೊಫೆಸರರು ಹುಡುಕುತ್ತಿದ್ದರು. ಎರಡು ತಿಂಗಳಾದರೂ ಚಿತ್ರದಲ್ಲಿ ಒಂದು ನಾಳವೂ ಇಲ್ಲ. ಮಹಾಜ್ಞಾನಿಗಳು ತಪ್ಪಿತಸ್ಥರನ್ನು ಹುಡುಕಲು ದೂರ ಹೋಗಬೇಕೆ?

"ನಿನ್ನ ಚೂರಿ ಮೊಂಡು ಕಣಮ್ಮ. ಮುಂದಿನ ಸೋಮವಾರದಿಂದ ಬಾಟಲಿ ತೊಳಿ. ಕೊಯ್ಯೋಕೆ ಬೇರೆಯವರನ್ನ ಹಾಕ್ತೀನಿ."

"ಸರ್, ಕಾಲನ್ನ ಐಸಲ್ಲಿಟ್ಟು ಔಷಧಿ ಹಾಕಿಸ್ತೀರಲ್ಲ, ಆ ಚಳಿಗೆ ನಾಳ ಬಿಚ್ಚಿ ಕರಗಿಹೋಗುತ್ತೆ. ಲೈಬ್ರರಿ ಪುಸ್ತಕದಲ್ಲೇ ಇದೆ. ಒಳಗಿದ್ದರೆ ತಾನೆ ನಾನು ಕೊಯ್ಯೋದು?"

"ಮೂವತ್ತು ವರ್ಷದಿಂದ ಐಸಲ್ಲೇ ಇಡ್ತಿದೀನಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!"

ಆ ಮೂವತ್ತು ವರ್ಷ ತಾವು ನೋಡಿದ್ದು ನಾಳಗಳನ್ನಲ್ಲ, ಚಳಿಗೆ ಕರಗದ ಬೇರೇನನ್ನೋ ಎಂಬುದನ್ನು ಮಾತ್ರ ಅವರು ಹೇಳಲಿಲ್ಲ.

ಮಾತಿಗೆ ಬಗ್ಗದ ಗಿರಾಕಿಯ ಮುಂದೆ ಸರಕು ಬಿಚ್ಚಿಡುವುದೇ ಮೇಲು. ಮರುದಿನವೇ ಚೂರಿಯಕ್ಕ ಒಂದೇ ಜಿರಳೆಯ ಎರಡು ಕಾಲು ತೆಗೆದಳು. ಎಡಗಾಲಿಗೆ ಪ್ರೊಫೆಸರರ ಐಸ್, ಬಲಗಾಲಿಗೆ ಕೋಣೆಯ ಶಾಖ. ಆಮೇಲೆ ಎರಡನ್ನೂ ಅದೇ 'ಮೊಂಡು' ಚೂರಿಯಿಂದ ಕೊಯ್ದಳು.

ಶುಕ್ರವಾರ ಪ್ರೊಫೆಸರರು ಪರದೆಯ ಮುಂದೆ ಕುಳಿತರು. ಎಡಗಾಲು ಗುಡಿಸಿಟ್ಟ ಗೋದಾಮು. ಬಲಗಾಲಿನಲ್ಲೋ ನಾಳಗಳು ತುಂಬಿ ತುಳುಕುತ್ತಿದ್ದವು: ಅಡ್ಡ ಕೊಯ್ದಲ್ಲಿ ಬಳೆಗಳಂತೆ, ಉದ್ದ ಕೊಯ್ದಲ್ಲಿ ಜೋಡಿ ರೈಲುಕಂಬಿಗಳಂತೆ.

"ನೋಡಿದ್ಯಾ! ಚೂರಿ ಬದಲಾಯಿಸಿದ ಕೂಡಲೇ ಹೇಗೆ ಬಂತು!"

"ಬದಲಾಯಿಸಿಲ್ಲ ಸರ್. ಎರಡಕ್ಕೂ ಅದೇ ಚೂರಿ, ಅದೇ ಜಿರಳೆ. ಎಡಗಾಲು ಐಸಲ್ಲಿತ್ತು, ಬಲಗಾಲು ಇರಲಿಲ್ಲ, ಅಷ್ಟೇ."

ಪ್ರೊಫೆಸರರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಅದರಲ್ಲಿ ಕೊಳೆಯೇನೂ ಇರಲಿಲ್ಲ.

ಸೋಮವಾರ ಬಾಗಿಲ ಮೇಲೆ ಅವರ ಸಹಿಯ ಸೂಚನೆ ಅಂಟಿತ್ತು: 'ಮಾದರಿಗಳನ್ನು ಐಸಿನಲ್ಲಿಡುವ ತಪ್ಪು ಅಭ್ಯಾಸವನ್ನು ಸಿಬ್ಬಂದಿ ಇನ್ನಾದರೂ ಬಿಡತಕ್ಕದ್ದು.'

ಚೂರಿಯಕ್ಕ ಎರಡು ಸಲ ಓದಿದಳು. ಸಿಬ್ಬಂದಿಯೆಲ್ಲರ ಪರವಾಗಿ ವಿನಯದಿಂದ ತಲೆಯಾಡಿಸಿದಳು. ಬಾಟಲಿಗಳ ತೊಟ್ಟಿಯನ್ನು ದಾಟಿ ಹೋಗಿ, ಕೊಯ್ಯುವ ಯಂತ್ರದ ಮುಂದೆ ತನ್ನ ಕುರ್ಚಿ ಎಳೆದುಕೊಂಡು, ಹೊಸ ಚೂರಿಗೆ ಗಾಜು ಮುರಿದಳು.