ಮೂಂಟಾಕ್ಕೆ ಮರಳಿದ ಲೀತ್

ಲೀತ್ ಟ್ರೆಗೆನ್ಜಾ ಮೊದಲ ಮಹಾಯುದ್ಧದಲ್ಲಿ ಗಾಯಗೊಂಡು ಫ್ರಾನ್ಸಿನಿಂದ ಆಸ್ಟ್ರೇಲಿಯಾದ ತನ್ನ ಗಣಿಯೂರು ಮೂಂಟಾಕ್ಕೆ ಮರಳಿದಾಗ ಅವನಿಗೆ ಇಪ್ಪತ್ತೊಂದು ತುಂಬಿರಲಿಲ್ಲ. ಮುರಿದ ಎಡತೊಡೆಯ ಮೂಳೆ ಸೊಟ್ಟಗೆ ಕೂಡಿಕೊಂಡಿತ್ತು. ರೈಲು ನಿಲ್ದಾಣದಲ್ಲಿ ಬ್ಯಾಂಡು ಬಾರಿಸಿದರು. ತಾಮ್ರದ ಗಣಿಯ ಗೆಳೆಯರು ಅವನನ್ನು ಹೆಗಲ ಮೇಲೆ ಹೊತ್ತರು.

"ಏನೋ ಕುಂಟ, ಪ್ಯಾರಿಸ್ಸಿನ ಹುಡುಗೀರ ಜೊತೆ ಕುಣಿದೂ ಕುಣಿದೂ ಕಾಲು ಮುರ್ಕೊಂಡ್ಯಾ?" ಎಂದು ಒಬ್ಬ ರೇಗಿಸಿದ.

ಲೀತ್ ನಕ್ಕ. ನಗುತ್ತಲೇ ಜನರ ನಡುವೆ ಥಾಮಸಿನ್ ಅತ್ತೆಯನ್ನು ಹುಡುಕಿದ. ಅವರು ಬಂದಿರಲಿಲ್ಲ.

ಪಕ್ಕದ ಮನೆಯ ಆ ವಿಧವೆಗೆ ಜೇಬೆಜ್ ಒಬ್ಬನೇ ಮಗ. ಅವನೂ ಲೀತನೂ ಒಂದೇ ಬೆಂಚಿನಲ್ಲಿ ಓದಿದವರು, ಒಂದೇ ಸುರಂಗದಲ್ಲಿ ಅದಿರು ಒಡೆದವರು, ಜೊತೆಯಾಗಿಯೇ ಸೈನ್ಯ ಸೇರಿದವರು. ಫ್ರಾನ್ಸಿನ ಪೋಜಿಯೇರ್ ರಣರಂಗದಲ್ಲಿ ಫಿರಂಗಿಯ ಶೆಲ್ ಬಿದ್ದು ಕಂದಕ ಕುಸಿದಾಗ ಲೀತ್ ಮಣ್ಣಿನಡಿ ಹೂತುಹೋದ. ಜೇಬೆಜ್ ಬರಿಗೈಯಲ್ಲಿ ಮಣ್ಣು ತೋಡಿ ಅವನನ್ನು ಎದೆಮಟ್ಟ ಹೊರಗೆ ತಂದ. "ಉಸಿರಾಡೋ ಕತ್ತೆ!" ಎಂದು ಬೈದ. ಅಷ್ಟರಲ್ಲಿ ಇನ್ನೊಂದು ಶೆಲ್ ಬಿತ್ತು.

ಮರುದಿನ ಅತ್ತೆ ತಾವೇ ಬಂದರು. ಬಟ್ಟೆಯಲ್ಲಿ ಸುತ್ತಿದ ಬಿಸಿ ಪ್ಯಾಸ್ಟಿ, ಮಾಂಸ ಆಲೂಗಡ್ಡೆ ತುಂಬಿ ಬೇಯಿಸಿದ ಕಡುಬಿನಂಥ ತಿನಿಸು, ತಂದಿದ್ದರು. ಗಣಿಯಲ್ಲಿ ಬುತ್ತಿ ಅದಲು ಬದಲಾಗದಿರಲೆಂದು ಅದರ ಮೂಲೆಯಲ್ಲಿ ಹೆಸರಿನ ಮೊದಲಕ್ಷರ ಕೊರೆಯುವುದು ಅಲ್ಲಿನ ತಾಯಂದಿರ ರೂಢಿ. ಇದರ ಮೇಲೆ 'ಜೆ' ಎಂದಿತ್ತು. ಅದನ್ನು ಕಂಡು ಅತ್ತೆಯ ಕೈ ನಿಂತಿತು.

"ಕೈಗೆ ಅಭ್ಯಾಸ ಕಣಪ್ಪ. ತಿನ್ನು."

ಲೀತ್ ಒಂದು ತುತ್ತು ಕಚ್ಚಿದ. ಅತ್ತೆ ಅವನೆದುರು ಕೂತರು.

"ಅವನು ಹೇಗೆ ಹೋದ?"

ಹಡಗಿನ ಪಯಣದುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದ ಮಾತು ತಾನಾಗಿ ಬಂತು. "ತಕ್ಷಣ ಹೋದ ಅತ್ತೆ. ನೋವೇ ಗೊತ್ತಾಗ್ಲಿಲ್ಲ."

"ಮುಳ್ಳು ಚುಚ್ಚಿದ್ರೆ ಬೀದಿಗೆಲ್ಲ ಕೇಳೋ ಹಾಗೆ ಅಮ್ಮಾ ಅಂತ ಕೂಗೋನು ಅವನು. ನನ್ಹತ್ರ ಸುಳ್ಳು ಹೇಳ್ಬೇಡ ಲೀತ್."

ಲೀತ್ ತಲೆ ತಗ್ಗಿಸಿದ. "ಕೂಗ್ದ ಅತ್ತೆ. ಹೊತ್ತು ಮುಳುಗೋವರೆಗೂ ಕೂಗ್ತಾನೇ ಇದ್ದ. ನನ್ನ ಕಾಲು ಮಣ್ಣಲ್ಲಿ ಸಿಕ್ಕಿತ್ತು. ಕೈ ಚಾಚಿದ್ರೂ ಸಿಗ್ಲಿಲ್ಲ ಅವನು."

"ನೀನೇನಂದೆ?"

"ಅಮ್ಮ ಬರ್ತಿದಾರೆ ಕಣೋ, ಶಾಲು ಹೊದ್ಕೊಂಡು ಹೊರಟಿದಾರೆ, ಈಗ ಬರ್ತಾರೆ ಅಂತ... ಅವನು ನಂಬ್ದ."

ಅತ್ತೆ ಎದ್ದು, ಅವನ ತಲೆಯನ್ನು ಎದೆಗೊತ್ತಿಕೊಂಡು, ಹೊರಟುಹೋದರು.

ಮತ್ತೆಂದೂ ಅವರು ಆ ಮನೆಯ ಹೊಸ್ತಿಲು ತುಳಿಯಲಿಲ್ಲ. ಸಿಟ್ಟಿನಿಂದಲ್ಲ; ಅವನ ದನಿ ಕೇಳಿದರೆ ಮಗನ ಕೂಗೇ ಕೇಳಿದಂತಾಗುತ್ತಿತ್ತು. ದಾರಿಯಲ್ಲಿ ಎದುರಾದರೆ ಅವನ ತೋಳು ಮುಟ್ಟಿ ಮುಂದೆ ಹೋಗುತ್ತಿದ್ದರು. ಲೀತ್ ಮತ್ತೆ ಸುರಂಗಕ್ಕಿಳಿಯಲಿಲ್ಲ. ಮಣ್ಣು ಮೈಮೇಲೆ ಬಿದ್ದಂತಾಗಿ ಉಸಿರು ಕಟ್ಟುತ್ತಿತ್ತು. ಮೇಲೆಯೇ ಅದಿರು ಆರಿಸುತ್ತ ಉಳಿದ. ಗಣಿ ಮುಚ್ಚಿ ಅರ್ಧ ಊರೇ ಗುಳೆ ಹೋದಾಗಲೂ ಅವನು ಕದಲಲಿಲ್ಲ.

ಅತ್ತೆ ತೀರಿಕೊಂಡ ದಿನ, ಕಾಲು ನೋಯುತ್ತೆ ಬೇಡ ಎಂದು ಎಲ್ಲರೂ ತಡೆದರು. ಲೀತ್ ಕೇಳಲಿಲ್ಲ. ಮಗ ಕೊಡಬೇಕಾಗಿದ್ದ ಹೆಗಲನ್ನು ಕೊಟ್ಟು, ಕುಂಟುತ್ತಲೇ ಸ್ಮಶಾನದವರೆಗೂ ನಡೆದ.