ಮೈಕ್ ಬಿಚ್ಚಿಟ್ಟ ಮೀನಿನ ಶಫಿ

ಹರಿಹರಪುರ ದಾಟಿದ ಮೇಲೆ ಮಂಜು ದಟ್ಟವಾಗುತ್ತದೆ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮಹಮ್ಮದ್ ಶಫಿ ತಮ್ಮ ಓಮ್ನಿಯನ್ನು ರಸ್ತೆ ಬದಿಗೆ ನಿಲ್ಲಿಸಿ, ಪೆಟ್ಟಿಗೆಯ ಐಸ್ ಸರಿಸಿ ಬಂಗುಡೆಗಳನ್ನು ಒತ್ತಿ ನೋಡುತ್ತಾರೆ. ಮೀನು ಬಂತು ಎಂದು ಕೂಗುವುದಿಲ್ಲ. ವ್ಯಾನಿನ ನೆತ್ತಿಯ ಮೇಲಿದ್ದ ಮೈಕನ್ನೂ ಬಿಚ್ಚಿಟ್ಟಿದ್ದಾರೆ.

"ಮುಂಚೆ ನನ್ನ ಸ್ವರ ಕೇಳಿದ್ರೆ ಬೆಕ್ಕು ಬರ್ತಿತ್ತು, ಹಿಂದೆಯೇ ಹೆಂಗಸ್ರು ಬರ್ತಿದ್ರು. ಈಗ ಬೆಕ್ಕು ಮಾತ್ರ ಬರ್ತದೆ ಮಾರಾಯ್ರೆ" ಎನ್ನುತ್ತಾರೆ.

ಕೊಪ್ಪದಿಂದ ಅಡ್ಡಗದ್ದೆಯವರೆಗೆ ಇವರದು ಹಳೆಯ ವ್ಯಾಪಾರ. ಕೊರೊನಾ ಬಂದಾಗ, ಮೈಕ್ ಇರುವ ಗಾಡಿ ಎಂದು ಪಂಚಾಯಿತಿಯವರು ಇವರನ್ನೇ ಕರೆದು ಎಚ್ಚರಿಕೆ ಸಾರಲು ಹೇಳಿದರು. 'ಬಾಗಿಲು ಹಾಕಿಕೊಳ್ಳಿ, ಯಾರೂ ಹೊರಗೆ ಬರಬೇಡಿ' ಎಂದು ಶಫಿ ಬೀದಿ ಬೀದಿ ಕೂಗಿದರು. ಯಾರೋ ಅದನ್ನು ರೆಕಾರ್ಡ್ ಮಾಡಿ, ಹಿನ್ನೆಲೆಗೆ ಅಳು, ಆಂಬುಲೆನ್ಸ್ ಸದ್ದು ಸೇರಿಸಿ ವಾಟ್ಸಾಪಿಗೆ ಬಿಟ್ಟರು. ಎಲ್ಲಾದರೂ ಜ್ವರದ ಸುದ್ದಿ ಹುಟ್ಟಿದರೆ ಸಾಕು, 'ಇವತ್ತಿನದು' ಎಂಬ ಹೆಸರಿನಲ್ಲಿ ಅದು ಈಗಲೂ ಸುತ್ತುತ್ತದೆ. ದನಿ ಇವರದೇ ಹೌದೇ ಎಂಬ ಅನುಮಾನಕ್ಕೆ, ಇವರ ಬಗ್ಗೆ ಬರೆಯಲು ಬಂದ ನಾನು ಅವರ ಎದುರೇ ಅದನ್ನು ಫೋನಿನಲ್ಲಿ ಹಾಕಿದೆ. ಶಫಿ ತಲೆ ತಗ್ಗಿಸಿ ನಿಂತರು. ಹಾಕಬಾರದಿತ್ತು.

ಕೊರೊನಾ ಕಾಲದಲ್ಲಿ ಅವರಿಗೂ ಸೋಂಕು ತಗುಲಿತ್ತು. ಹೆಂಡತಿ ಶಕೀಲಾ ತವರಿನಲ್ಲಿದ್ದರು. ಒಬ್ಬರೇ ಮಲಗಿದ್ದಾಗ ಪಕ್ಕದ ಮನೆಯ ಫೋನಿನಿಂದ ಅವರದೇ ಸ್ವರ ಕೇಳಿಸಿತು. "ಹೊರಗೆ ಬರಬೇಡಿ ಅಂತಿತ್ತು. ಅಂಗಳದ ನಲ್ಲಿಗೆ ಹೋಗ್ಲಿಕ್ಕೂ ಧೈರ್ಯ ಬರ್ಲಿಲ್ಲ. ಬಾಯಾರಿಕೊಂಡೇ ಬಿದ್ದಿದ್ದೆ. ಕೂಗಿದವ ನಾನೇ ಅಂತ ಗೊತ್ತಿತ್ತು, ಆದ್ರೂ."

ಅಡ್ಡಗದ್ದೆಯ ಯಮುನಮ್ಮ ಇವರ ಹಳೆಯ ಗಿರಾಕಿ. ಈ ಬಾರಿ ಜ್ವರದ ಗುಲ್ಲೆದ್ದಾಗ ಆ ಧ್ವನಿಯನ್ನು ಮತ್ತೆ ಮತ್ತೆ ಕೇಳಿ ಒಳಕೋಣೆ ಸೇರಿದವರು ಹೊರಗೆ ಬಂದಿಲ್ಲ. ಊಟ ಅರ್ಧಕ್ಕಿಳಿದಿದೆ. ಸೊಸೆ ಕಾವ್ಯ ಅಳಿಸಿದಷ್ಟೂ ಬೇರೆ ಗುಂಪಿನಿಂದ ಅದು ಬರುತ್ತಿತ್ತು. ಕೊನೆಗೆ ಅತ್ತೆಯ ಫೋನನ್ನೇ ತೆಗೆದಿಟ್ಟರೂ, ಗೋಡೆಯೊಳಗೆ ಕೇಳುತ್ತಿದೆ ಎಂದು ಯಮುನಮ್ಮ ಕಿವಿ ಇಡುತ್ತಿದ್ದರಂತೆ. ಆ ದಾರಿಗೆ ಬರಬೇಡಿ ಎಂದು ಕಾವ್ಯ ಶಫಿಯವರಲ್ಲಿ ಕೇಳಿಕೊಂಡರು. ಒಮ್ಮೆ ಕಿಟಕಿಯ ಹತ್ತಿರ ಮಾತಾಡಿ ನೋಡುತ್ತೇನೆ ಎಂದರು ಶಫಿ.

ಅಂದಿನಿಂದ ವ್ಯಾನನ್ನು ದೂರ ನಿಲ್ಲಿಸಿ ನಡೆದು ಹೋಗುತ್ತಾರೆ. ಮೊದಲ ದಿನ ಒಳಗಿನಿಂದ ಬಂದದ್ದು ಒಂದೇ ಮಾತು: "ನೀನು ಫೋನಿನೊಳಗಿನವ. ಹೊರಗೆ ಹ್ಯಾಗೆ ಬಂದೆ?"

ಇಂದು ನಾನೂ ಜೊತೆಗಿದ್ದೇನೆ. ಶಫಿ ಮುಚ್ಚಿದ ಕಿಟಕಿಗೆ ಎಂದಿನಂತೆ ಮಾತಾಡುತ್ತಾರೆ. ಲಾರಿ ತಡವಾಯಿತು, ಬೂತಾಯಿ ಇಲ್ಲ, ಬಂಗುಡೆ ಇದೆ, ಈಗಷ್ಟೇ ಸಮುದ್ರದಿಂದ ಬಂದ ಹಾಗಿದೆ. ಕಾವ್ಯ ಸೆರಗು ಹಿಡಿದು ನಿಂತಿದ್ದಾರೆ. ತುಂಬಾ ಹೊತ್ತಿನ ಮೇಲೆ ಕಿಟಕಿ ಗೇಣಗಲ ತೆರೆಯುತ್ತದೆ. ಬಿಳಿಚಿದ ಕೈಯೊಂದು ಹೊರಗೆ ಬಂದು ಶಫಿ ಹಿಡಿದ ಮೀನನ್ನು ತಡವುತ್ತದೆ. ಕಣ್ಣು, ಕಿವಿರು, ಹೊಟ್ಟೆ.

"ಕಣ್ಣು ಒಳಗೆ ಹೋಗಿದೆ. ಇದು ಮೊನ್ನೆಯದ್ದು. ನಿನ್ನ ಬಾಯಲ್ಲಿ ಬರೋದೆಲ್ಲ ಸುಳ್ಳೇ ಮಾರಾಯ."

ಕಿಟಕಿ ಮುಚ್ಚುವುದಿಲ್ಲ. ಕಾವ್ಯ ತಟ್ಟೆ ತರಲು ಒಳಗೆ ಓಡುತ್ತಾರೆ.

ಹಿಂದಿರುಗುವಾಗ ಶಫಿ ದಾರಿಯುದ್ದಕ್ಕೂ ನಗುತ್ತಿದ್ದರು. ಬೇಸರವಾಗಲಿಲ್ಲವೇ ಎಂದು ಕೇಳಿದೆ.

"ಎಂತಕ್ಕೆ ಬೇಸರ? ಇಷ್ಟು ದಿನ ನನ್ನ ಸ್ವರ ಹೇಳಿದ್ದನ್ನೆಲ್ಲ ಆಯಮ್ಮ ನಂಬಿದ್ರು. ಇವತ್ತು ನಂಬ್ಲಿಲ್ಲ ನೋಡಿ."